ಮಾತು ನಿಂತ ಮನೆಯಲ್ಲಿ ಹುಟ್ಟಿದ ಹಾಡು

ಪತ್ರ: ನಾನು ಹೊನ್ನಾವರ ತಾಲ್ಲೂಕಿನವಳು, ವಯಸ್ಸು 47. ಹದಿನಾರನೇ ವಯಸ್ಸಿನಿಂದ ನಮ್ಮ ಇಗರ್ಜಿಯ ಕೊಯರ್‌ನಲ್ಲಿ ಹಾಡುತ್ತ ಬಂದವಳು. ಭಾನುವಾರದ ಪೂಜೆಯ ಕೀರ್ತನೆ ಎಂದರೆ ನಾನೇ. ಐದು ತಿಂಗಳ ಹಿಂದೆ ಥೈರಾಯ್ಡ್ ಗಂಟಿಗೆ ಆಪರೇಷನ್ ಆಯಿತು. ಗಂಟು ಕ್ಯಾನ್ಸರ್ ಅಲ್ಲ ಎಂದರು, ಅಷ್ಟು ಸಮಾಧಾನ. ಆದರೆ ಸ್ವರ ಹೋಯಿತು. ಮಾತಾಡಿದರೆ ಬರೀ ಗಾಳಿ. ಹಾಡಲು ಬಾಯಿ ತೆರೆದರೆ ಅದೂ ಇಲ್ಲ. ನನ್ನ ಜಾಗದಲ್ಲಿ ಈಗ ಹತ್ತೊಂಬತ್ತು ವರ್ಷದ ಹುಡುಗಿ ಹಾಡುತ್ತಾಳೆ. ಪದದ ನಡುವೆ ಉಸಿರು ಎಳೆಯುತ್ತಾಳೆ, ನನಗೆ ಕೇಳಲಾಗುವುದಿಲ್ಲ. ಫಾದರ್ ಕರೆದು, "ಬಾಗಿಲಲ್ಲಿ ನಿಂತು ಹಾಡಿನ ಪುಸ್ತಕ ಹಂಚುತ್ತೀರಾ?" ಎಂದರು. ಮನೆಗೆ ಬಂದು ಅತ್ತೆ. ಈಗ ಪೂಜೆ ಶುರುವಾದ ಮೇಲೆ ಹೋಗುತ್ತೇನೆ, ಮುಗಿಯುವ ಮೊದಲೇ ಎದ್ದು ಬರುತ್ತೇನೆ. ದೇವರ ಸೇವೆ ಬಿಟ್ಟು ನಾನು ಬೇರೇನೂ ಆಸೆಪಟ್ಟವಳಲ್ಲ. ನಮ್ಮ ಕೊಯರ್ ಮಾಳಿಗೆಯ ಗೋಡೆಯ ಮೇಲೆ "ಹಾಡುವವನು ಎರಡು ಸಲ ಪ್ರಾರ್ಥಿಸುತ್ತಾನೆ" ಎಂದು ಬರೆದಿದೆ. ನನಗೀಗ ಒಂದು ಸಲವೂ ಆಗುತ್ತಿಲ್ಲ. ಕೊಟ್ಟ ಸ್ವರವನ್ನು ಆತನೇ ಕಿತ್ತುಕೊಂಡ ಮೇಲೆ ನಾನು ಆತನಿಗೆ ಯಾವ ಉಪಯೋಗಕ್ಕೆ?

ಪ್ರೀತಿಯ ಸಹೋದರಿ,

ಮೊದಲು ಗಂಟಲಿನ ಮಾತಾಡೋಣ, ದೇವರ ಮಾತು ಆಮೇಲೆ. ಆಪರೇಷನ್ ಆದ ಮೇಲೆ ಸ್ವರಕ್ಕಾಗಿಯೇ ಇನ್ನೊಮ್ಮೆ ಡಾಕ್ಟರ ಹತ್ತಿರ ಹೋದಿರಾ ಎಂಬುದನ್ನು ನೀವು ಎಲ್ಲಿಯೂ ಬರೆದಿಲ್ಲ. ಹೋಗಿಲ್ಲ ಎಂದೇ ನನ್ನ ಅನುಮಾನ. ಥೈರಾಯ್ಡ್ ಗ್ರಂಥಿಯ ಹಿಂಬದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು, ನೂಲಿನೆಳೆಯಂಥ ನರಗಳು ಸ್ವರತಂತುಗಳಿಗೆ ಹೋಗುತ್ತವೆ. ಎಷ್ಟೇ ಜಾಗ್ರತೆಯಿಂದ ಆಪರೇಷನ್ ಮಾಡಿದರೂ ಕೆಲವೊಮ್ಮೆ ಅವು ಎಳೆದಾಡಿ ಊದಿಕೊಳ್ಳುತ್ತವೆ. ಆಗ ಒಂದು ಬದಿಯ ತಂತು ಅಲುಗುವುದಿಲ್ಲ. ಎರಡೂ ಕೂಡಿಕೊಳ್ಳದೆ ನಡುವೆ ಸಂದು ಉಳಿಯುತ್ತದೆ, ಅಲ್ಲಿಂದ ಗಾಳಿ ಸೋರುತ್ತದೆ. ನರ ಪೂರ್ತಿ ತುಂಡಾಗಿರದಿದ್ದರೆ ಬಹಳ ಮಂದಿಯಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ಅದು ಚೇತರಿಸಿಕೊಳ್ಳುತ್ತದೆ. ನಿಮಗಿನ್ನೂ ಐದೇ ತಿಂಗಳು. ಕಿವಿ-ಮೂಗು-ಗಂಟಲಿನ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ಕೆಲವೇ ನಿಮಿಷಗಳಲ್ಲಿ ಯಾವ ತಂತು ಅಲುಗುತ್ತಿಲ್ಲ ಎಂದು ಹೇಳಬಲ್ಲರು. ಸ್ವರಕ್ಕೂ ವ್ಯಾಯಾಮವಿದೆ, ಅದನ್ನು ಕಲಿಸುವ ವಾಕ್ ಚಿಕಿತ್ಸಕರಿದ್ದಾರೆ. ಮಣಿಪಾಲ, ಮಂಗಳೂರು, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥದ್ದಕ್ಕೆ. ನಮ್ಮ ಜಿಲ್ಲೆಯವರಿಗೆ ಯಾವ ದೊಡ್ಡ ಕಾಯಿಲೆಗೂ ಜಿಲ್ಲೆಯ ಗಡಿ ದಾಟುವುದು ಹಣೆಬರಹವಾಗಿಬಿಟ್ಟಿದೆ, ಅದು ನನಗೂ ಸಂಕಟದ ಸಂಗತಿ. ಆದರೂ ಹೋಗಿ ಬನ್ನಿ. ಅಲ್ಲಿಯವರೆಗೆ ಪಿಸುಗುಡಬೇಡಿ. ಪಿಸುಮಾತು ಗಂಟಲಿಗೆ ವಿಶ್ರಾಂತಿ ಎಂದು ನಾವು ತಿಳಿದಿದ್ದೇವೆ, ಬಿಗಿಹಿಡಿದು ಪಿಸುಗುಟ್ಟಿದರೆ ತಂತುಗಳಿಗೆ ಶ್ರಮವೇ ಹೆಚ್ಚು. ನೀರು ಕುಡಿಯುವಾಗ ನೆತ್ತಿಗೇರಿ ಕೆಮ್ಮು ಬರುತ್ತಿದ್ದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಇಷ್ಟನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. "ಆತನೇ ಕಿತ್ತುಕೊಂಡ" ಎಂದು ಬರೆದಿದ್ದೀರಲ್ಲ, ಆ ಮಾತಿಗೆ ನಾನು ಒಪ್ಪಲಾರೆ. ಒಂದು ನರಕ್ಕೆ ಪೆಟ್ಟಾಗಿದೆ, ಅಷ್ಟೇ ನಮಗೆ ಗೊತ್ತಿರುವುದು. ಹುಟ್ಟುಕುರುಡನನ್ನು ತೋರಿಸಿ ಇದು ಯಾರ ಪಾಪದ ಫಲ ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ ಇವನ ತಂದೆತಾಯಿಯದೂ ಅಲ್ಲ ಎಂದವರು ಯೇಸುಸ್ವಾಮಿ. ನಿಮ್ಮ ಕುತ್ತಿಗೆಯ ಮೇಲಿನ ಗಾಯದ ಗೆರೆಯಲ್ಲಿ ದೇವರ ಸಹಿ ಹುಡುಕಬೇಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪತ್ರ ಓದುತ್ತಿದ್ದ ಹಾಗೇ ನನಗೆ ನೆನಪಾದವನು ಜಕರೀಯ. ಲೂಕನ ಶುಭಸಂದೇಶದ ಮೊದಲ ಅಧ್ಯಾಯವನ್ನು ಇವತ್ತು ರಾತ್ರಿ ತೆಗೆದು ಓದಿ, ನಿಧಾನವಾಗಿ. ಜಕರೀಯ ಯಾಜಕ, ವಯಸ್ಸಾದವನು. ಚೀಟಿ ಬಿದ್ದು ಮಹಾದೇವಾಲಯದ ಒಳಗೆ ಧೂಪ ಹಾಕುವ ಭಾಗ್ಯ ಅವನಿಗೆ ಬಂತು. ಎಷ್ಟೋ ಯಾಜಕರಿಗೆ ಜೀವಮಾನದಲ್ಲಿ ಒಮ್ಮೆಯೂ ಬಾರದ ಭಾಗ್ಯ ಅದು. ಸೇವೆಯ ಅದೇ ಗಳಿಗೆಯಲ್ಲಿ, ಪೀಠದ ಪಕ್ಕದಲ್ಲೇ, ಅವನ ಮಾತು ನಿಂತಿತು. ಅವನ ವಿಷಯದಲ್ಲಿ, ಮುದಿವಯಸ್ಸಿನಲ್ಲಿ ಮಗ ಹುಟ್ಟುತ್ತಾನೆಂಬ ದೇವದೂತನ ಮಾತನ್ನು ನಂಬದ ಕಾರಣವಿತ್ತು, ನಿಮ್ಮ ವಿಷಯದಲ್ಲಿ ಅದಿಲ್ಲ, ಆ ಹೋಲಿಕೆಯನ್ನು ಅಲ್ಲಿಗೇ ಬಿಡಿ. ನಾನು ತೋರಿಸಬೇಕೆಂದಿರುವುದು ಮುಂದಿನ ಸಂಗತಿ. ಹೊರಗೆ ಕಾಯುತ್ತಿದ್ದ ಜನರ ಮುಂದೆ ಅವನು ಬರೀ ಸನ್ನೆ ಮಾಡುತ್ತ ನಿಂತ. ಎಷ್ಟು ನಾಚಿಕೆಯಾಗಿರಬೇಡ! ಆದರೆ ಅವತ್ತೇ ಗಂಟುಮೂಟೆ ಕಟ್ಟಲಿಲ್ಲ. ತನ್ನ ಸೇವೆಯ ದಿನಗಳು ಮುಗಿದ ಮೇಲೆ ಮನೆಗೆ ಹೋದ ಎಂದು ಲೂಕ ಬರೆಯುತ್ತಾನೆ. ಅಂದರೆ ಉಳಿದ ದಿನಗಳನ್ನು ಆ ಮೂಕ ಯಾಜಕ ದೇವಾಲಯದಲ್ಲಿಯೇ ಕಳೆದ. ಏನು ಮಾಡಿದನೋ ಲೂಕ ಹೇಳಿಲ್ಲ. ಇದ್ದ, ಅಷ್ಟೇ.

ಆಮೇಲಿನದನ್ನು ನೋಡಿ. ಜಕರೀಯನ ಹೆಂಡತಿ ಎಲಿಜಬೇತಮ್ಮ ಗರ್ಭಿಣಿಯಾದ ಆರನೇ ತಿಂಗಳಲ್ಲಿ, ಯೇಸುವಿನ ತಾಯಿ ಮರಿಯಮ್ಮ ಬೆಟ್ಟದ ಸೀಮೆಗೆ ಆತುರದಿಂದ ಬಂದರು. ಯಾರ ಮನೆಗೆ ಕಾಲಿಟ್ಟರು? ಜಕರೀಯನ ಮನೆಗೆ. ಎಲಿಜಬೇತಮ್ಮನಿಗೆ ವಂದಿಸಿ, ನನ್ನ ಆತ್ಮ ಪ್ರಭುವನ್ನು ಕೊಂಡಾಡುತ್ತದೆ ಎಂದು ಹಾಡಿದ್ದು ಆ ಮನೆಯಲ್ಲಿ. ಮಾತಾಡಲಾರದ ಯಜಮಾನನಿದ್ದ ಮನೆಯಲ್ಲಿ. ಸುಮಾರು ಮೂರು ತಿಂಗಳು ಆ ಎಳೆಯ ಹುಡುಗಿ ಅಲ್ಲಿಯೇ ಇದ್ದರು, ಮುದುಕನ ಬಾಯಿ ಮುಚ್ಚಿಯೇ ಇತ್ತು. ಕೊನೆಗೆ ಮಗು ಹುಟ್ಟಿ, ಎಂಟನೆಯ ದಿನ ಹಲಗೆಯ ಮೇಲೆ ಯೊವಾನ್ನ ಎಂದು ಹೆಸರು ಬರೆದಾಗ ಅವನ ನಾಲಿಗೆ ಸಡಿಲವಾಯಿತು, ಅವನಿಂದಲೂ ಒಂದು ಹಾಡು ಹೊರಟಿತು. ಇಂದಿಗೂ ನಮ್ಮ ಗುರುಗಳು, ಸಿಸ್ಟರುಗಳು ಪ್ರತಿದಿನ ಬೆಳಗಿನ ಪ್ರಾರ್ಥನೆಯಲ್ಲಿ ಜಕರೀಯನ ಹಾಡನ್ನೂ ಸಂಜೆಯ ಪ್ರಾರ್ಥನೆಯಲ್ಲಿ ಮರಿಯಮ್ಮನ ಹಾಡನ್ನೂ ಹೇಳುತ್ತಾರೆ. ಧರ್ಮಸಭೆಯ ಹಗಲು ಶುರುವಾಗುವುದೂ ಮುಗಿಯುವುದೂ ಆ ಒಂದೇ ಮನೆಯ ಹಾಡುಗಳಿಂದ. ತನ್ನ ಮಾತು ನಿಂತಿದ್ದಾಗ ತನ್ನ ಮನೆಯಲ್ಲಿ ಎಳೆಯ ಸ್ವರವೊಂದು ಹಾಡಲು ಜಕರೀಯ ಬಾಗಿಲು ಮುಚ್ಚಲಿಲ್ಲ.

ಇಲ್ಲಿಗೆ ಬಂದಾಗ ನಿಮಗೆ ಸ್ವಲ್ಪ ನೋವಾಗುವ ಮಾತು ಹೇಳಬೇಕಾಗಿದೆ. ನಿಮ್ಮ ಪತ್ರದಲ್ಲಿ ಸ್ವರ ಹೋದ ದುಃಖ ಎಷ್ಟಿದೆಯೋ ಆ ಜಾಗ ಇನ್ನೊಬ್ಬಳದಾಯಿತೆಂಬ ಉರಿ ಅದಕ್ಕಿಂತ ಕಡಿಮೆ ಇಲ್ಲ. ಮೂವತ್ತೊಂದು ವರ್ಷ ಒಂದು ಕೆಲಸಕ್ಕೆ ಜೀವ ತೇಯ್ದವರಿಗೆ ಉರಿಯುವುದು ಸಹಜ, ಅದಕ್ಕೆ ನಾನು ನಿಮ್ಮನ್ನು ದೂರುವುದಿಲ್ಲ. ಆದರೆ ಆ ಉರಿಗೆ "ಭಕ್ತಿ" ಎಂದು ಹೆಸರಿಡಬೇಡಿ. ಗೋಡೆಯ ಮೇಲಿನ ಆ ಮಾತು ಸಂತ ಅಗಸ್ಟೀನರದೆಂದು ಎಲ್ಲರೂ ಹೇಳುತ್ತಾರೆ. ಕೀರ್ತನೆಯ ವ್ಯಾಖ್ಯಾನದಲ್ಲಿ ಅವರು ಹೇಳಿದ್ದರ ತಾತ್ಪರ್ಯ ಬೇರೆ: ಸ್ತುತಿ ಹಾಡುವವನು ಹಾಡುವುದಷ್ಟೇ ಅಲ್ಲ, ಯಾರನ್ನು ಹಾಡುತ್ತಾನೋ ಅವರನ್ನು ಪ್ರೀತಿಸುತ್ತಾನೆ. ನಿಮ್ಮ ಪ್ರೀತಿ ಗಂಟಲಲ್ಲಿ ಇರಲಿಲ್ಲ, ಡಾಕ್ಟರ ಕತ್ತರಿ ಅದನ್ನು ಮುಟ್ಟಿಲ್ಲ. ಹಾಗಿದ್ದರೆ ಈ ಐದು ತಿಂಗಳು ಅದು ಎಲ್ಲಿ ಹೋಗಿ ಕೂತಿದೆ? ಪೂಜೆ ಮುಗಿಯುವ ಮೊದಲೇ ಎದ್ದು ಬರುವ ಆ ಕೊನೆಯ ಬೆಂಚಿನಲ್ಲಿ ಇದನ್ನು ನೀವೇ ಆತನ ಮುಂದೆ ಕೇಳಿಕೊಳ್ಳಬೇಕು. ಮಾತು ಬೇಡ. ಹಳೆಯ ಒಡಂಬಡಿಕೆಯಲ್ಲಿ ಹನ್ನಾ ಎಂಬ ಹೆಂಗಸು ದೇವಾಲಯದಲ್ಲಿ ಪ್ರಾರ್ಥಿಸುವಾಗ ತುಟಿ ಮಾತ್ರ ಅಲುಗುತ್ತಿತ್ತು, ಸ್ವರ ಕೇಳಿಸುತ್ತಿರಲಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆ ಎಂದುಕೊಂಡ. ದೇವರಿಗೆ ಕೇಳಿಸಿತು. ಸಿಟ್ಟಿದ್ದರೆ ಸಿಟ್ಟನ್ನೇ ಹೇಳಿ.

ನಾನು ಹುಟ್ಟಿದ್ದು ಕಾರವಾರದ ಹತ್ತಿರ. ನನ್ನ ಬಾಲ್ಯದಲ್ಲಿ ನಮ್ಮ ಇಗರ್ಜಿಯಲ್ಲಿ ಒಬ್ಬರು ಮೇಸ್ತ್ರಿ ಇದ್ದರು, ಹಾಡು ಕಲಿಸುವವರು. ಹಲ್ಲೆಲ್ಲ ಹೋಗಿ, ಸ್ವರ ಒಡೆದು, ಹಾಡಿದರೆ ಮಕ್ಕಳು ನಗುವ ಸ್ಥಿತಿ. ಅವರು ಹಾಡುವುದನ್ನು ನಿಲ್ಲಿಸಿದರು, ಬರುವುದನ್ನು ನಿಲ್ಲಿಸಲಿಲ್ಲ. ಪೂಜೆಯಲ್ಲಿ ನಮ್ಮ ಸಾಲಿನ ಹಿಂದೆ ನಿಲ್ಲುತ್ತಿದ್ದರು. ಎತ್ತರದ ಸಾಲು ಬರುವ ಒಂದು ಕ್ಷಣ ಮೊದಲು ನನ್ನ ಭುಜದ ಮೇಲೆ ಎರಡು ಬೆರಳು ಒತ್ತುತ್ತಿದ್ದರು. ಈಗ ಉಸಿರು ತೆಗೆದುಕೋ ಎಂದು ಅರ್ಥ. ಬೀಡಿಯ ವಾಸನೆಯ, ಸುಣ್ಣದ ಕಲೆಯ ಬೆರಳುಗಳು. ಹೊರಗೆ ಮಳೆ ಹೆಂಚಿನ ಮೇಲೆ ಸುರಿಯುತ್ತಿದ್ದರೆ ಹಾರ್ಮೋನಿಯಂ ಕೂಡ ಸರಿಯಾಗಿ ಕೇಳಿಸುತ್ತಿರಲಿಲ್ಲ, ಆ ಬೆರಳು ಮಾತ್ರ ತಪ್ಪುತ್ತಿರಲಿಲ್ಲ. ಇವತ್ತಿಗೂ ಆ ಹಾಡು ಬಂದರೆ ಭುಜ ತಾನಾಗಿ ಕಾಯುತ್ತದೆ. ಕೆಳಗೆ ಕುಳಿತವರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.

ಪುಸ್ತಕ ಹಂಚುವ ಮಾತಿಗೆ ನೀವು ಅತ್ತಿದ್ದೀರಿ. ಫಾದರ್ ಇನ್ನೂ ಸ್ವಲ್ಪ ನಯವಾಗಿ, ಮೊದಲು ನಿಮ್ಮ ನೋವು ಕೇಳಿ ಆಮೇಲೆ ಈ ಮಾತು ಎತ್ತಬಹುದಿತ್ತು. ಆದರೂ ಒಂದು ವಿಷಯ ಯೋಚಿಸಿ. ಮೂವತ್ತೊಂದು ವರ್ಷ ಮಾಳಿಗೆಯ ಮೇಲಿನಿಂದ ನಿಮಗೆ ಕಂಡದ್ದು ನೆತ್ತಿಗಳು, ತಲೆಯ ಮೇಲಿನ ಸೆರಗುಗಳು. ಬಾಗಿಲಲ್ಲಿ ನಿಂತವರಿಗೆ ಮುಖ ಕಾಣುತ್ತದೆ. ಯಾರ ಕಣ್ಣು ಕೆಂಪಾಗಿದೆ, ಎರಡು ಭಾನುವಾರದಿಂದ ಯಾರು ಬಂದಿಲ್ಲ, ಬೋಟಿಗೆ ಹೋದ ಯಾರ ಮಗನ ಸುದ್ದಿಯಿಲ್ಲ, ಅಕ್ಷರ ಕಾಣದ ಯಾವ ಅಜ್ಜಿಗೆ ಪುಟ ತೆರೆದು ಕೊಡಬೇಕು ಎಂಬುದೆಲ್ಲ ತಿಳಿಯುವುದು ಅಲ್ಲಿ. ಸಂತ ಸ್ತೇಫನರನ್ನು ಪ್ರೇಷಿತರು ಮೊದಲು ಆರಿಸಿದ್ದು ವಿಧವೆಯರಿಗೆ ಊಟ ಹಂಚುವ ಕೆಲಸಕ್ಕೆ. ಅದನ್ನು ಯಾರೂ ಅವರ ಮರ್ಯಾದೆಗೆ ಕುಂದು ಎಂದು ಎಣಿಸಲಿಲ್ಲ. ಹಾಗೆಂದು ನೀವು ಪುಸ್ತಕ ಹಂಚಲೇಬೇಕೆಂದು ನಾನು ಹೇಳುತ್ತಿಲ್ಲ. ಇನ್ನೂ ಗಾಯ ಹಸಿಯಿದ್ದರೆ "ಈಗ ಬೇಡ ಫಾದರ್, ಕ್ರಿಸ್ಮಸ್ ಕಳೆಯಲಿ" ಎನ್ನಿ. ಅದರಲ್ಲಿ ತಪ್ಪಿಲ್ಲ. ತಪ್ಪಿಸಿಕೊಂಡು ಓಡಾಡುವುದು ಬೇಡ.

ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಎಂಬ ಸಂಕಟಕ್ಕೆ ನಮ್ಮ ಕರಾವಳಿಯಲ್ಲೇ ಒಬ್ಬರು ಸಂತರಿದ್ದಾರೆ. ಗೋವಾದ ಬಾಣವಲಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್. ಸಿಲೋನಿನಲ್ಲಿ ಡಚ್ಚರ ಕಾಟದಿಂದ ಗುರುಗಳೇ ಇಲ್ಲದೆ ಕ್ರೈಸ್ತರು ಅನಾಥರಾಗಿದ್ದಾರೆಂದು ಕೇಳಿ ಅಲ್ಲಿಗೆ ಹೋಗಲು ಹಾತೊರೆದರು. ಮೇಲಿನವರು 1681ರಲ್ಲಿ ಅವರನ್ನು ಕಳಿಸಿದ್ದು ಕೆನರಾಕ್ಕೆ, ನಮ್ಮ ಈ ತೀರಕ್ಕೆ. ಅವರು ಬೇಡಿದ ಊರು ನಮ್ಮದಾಗಿರಲಿಲ್ಲ. ಆದರೂ ಮೂರು ವರ್ಷ ಇಲ್ಲಿ ಮನಸ್ಸಿಟ್ಟು ದುಡಿದರು. 1687ರಲ್ಲಿ ಕೊನೆಗೂ ಸಿಲೋನಿಗೆ ಹೋದಾಗ ಗುರುವಿನ ನಿಲುವಂಗಿ ತೊಡುವಂತಿರಲಿಲ್ಲ, ತಾನು ಯಾರೆಂದು ಬಾಯಿಬಿಡುವಂತಿರಲಿಲ್ಲ. ಕೂಲಿಯವನ ವೇಷದಲ್ಲಿ ಇಳಿದು, ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಆ ಜಪಸರದ ಮೇಲೆ ಯಾರ ಕಣ್ಣು ನಿಲ್ಲುತ್ತದೆಯೋ ಅಲ್ಲಿ ತನ್ನವರಿದ್ದಾರೆ ಎಂದು ತಿಳಿಯಬೇಕು. ಅಷ್ಟು ದೂರ ಬಂದ ಬೋಧಕನ ಸೇವೆ ಶುರುವಾದದ್ದು ಬೋಧನೆಯಿಲ್ಲದೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ನಿಮ್ಮ ಈ ದಿನಗಳನ್ನು ಅವರ ಕೈಗೆ ಒಪ್ಪಿಸಿ. ಈ ತೀರದ ಉಪ್ಪುಗಾಳಿ ಬಲ್ಲ ಸಂತರು ಅವರು.

ಇನ್ನು ಆ ಹುಡುಗಿ. ಪದದ ನಡುವೆ ಉಸಿರು ಎಳೆಯುತ್ತಾಳೆ ಎಂದು ಬರೆದಿದ್ದೀರಿ. ಪೂಜೆಯಲ್ಲಿ ಕೂತಿರುವ ಎಷ್ಟು ಮಂದಿಗೆ ಅದು ಗೊತ್ತಾಗುತ್ತದೆ? ನಿಮಗೆ ಗೊತ್ತಾಯಿತು. ನಿಮ್ಮ ಸ್ವರ ಹೋಗಿದೆ, ಕಿವಿ ಹೋಗಿಲ್ಲ. ಯಾವ ಅಕ್ಷರದ ಮೇಲೆ ನಿಲ್ಲಬೇಕು, ಎಲ್ಲಿ ಹೊಟ್ಟೆಯಿಂದ ಗಾಳಿ ತುಂಬಿಕೊಳ್ಳಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ನಿಮ್ಮ ಜಾಗದಲ್ಲಿ ಹಾಡಲು ಅವಳಿಗೆ ಹೆದರಿಕೆಯೂ ಇರಬಹುದು. ನೀವು ಮುಖ ತಿರುಗಿಸಿ ಹೊರಡುವುದನ್ನು ಮಾಳಿಗೆಯ ಮೇಲಿಂದ ಅವಳು ಪ್ರತಿ ಭಾನುವಾರ ನೋಡುತ್ತಿರಬಹುದು.

ಆಗಸ್ಟ್ 30ಕ್ಕೆ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬದ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರು. ಮಕ್ಕಳು ಹೂ ತರುತ್ತಾರೆ, ಒಂಬತ್ತು ದಿನವೂ ಹಾಡಿರುತ್ತದೆ. ಅದಕ್ಕೆ ಮೊದಲು ಒಂದು ಸಂಜೆ ಅಭ್ಯಾಸಕ್ಕೆ ಮಾಳಿಗೆ ಹತ್ತಿ. ಮೆಟ್ಟಿಲು ಹತ್ತುವಾಗ ಕಣ್ಣೀರು ಬಂದರೆ ಬರಲಿ, ಒರೆಸಿಕೊಂಡು ಹತ್ತಿ. ಏನೂ ಭಾಷಣ ಬೇಡ, ಹೇಗೂ ಸ್ವರವಿಲ್ಲ. ಕೀರ್ತನೆಯ ಹಾಳೆಯ ಮೇಲೆ ಪೆನ್ಸಿಲಿನಿಂದ ಉಸಿರಿನ ಗುರುತು ಹಾಕಿ ಅವಳ ಕೈಗೆ ಕೊಡಿ. ಅವಳು ಹಾಡುವಾಗ ಹಿಂದೆ ನಿಂತುಕೊಳ್ಳಿ.

ಗಂಟಲಿನ ಡಾಕ್ಟರು ಏನೆಂದರು ಎಂದು ನನಗೆ ತಪ್ಪದೆ ಬರೆಯಿರಿ. ಹುಡುಗಿಯ ಸಂಗತಿಯನ್ನೂ ಬರೆಯಿರಿ.