ಗಡ್‌ಬಡ್: ಗಡಿಬಿಡಿಯೋ, ಗೊಂದಲವೋ?

ಕುಂದಾಪುರದ ಓದುಗರೊಬ್ಬರ ಪತ್ರ: “ಗಡ್‌ಬಡ್ ಐಸ್‌ಕ್ರೀಮಿಗೆ ಆ ಹೆಸರು ಬಂದದ್ದು ಹೇಗೆ? ಗಿರಾಕಿಗಳು ಅವಸರ ಮಾಡಿದಾಗ ಇದ್ದುದನ್ನೆಲ್ಲ ಒಂದೇ ಗ್ಲಾಸಿಗೆ ತುಂಬಿಕೊಟ್ಟದ್ದರಿಂದ ಎಂದು ಹಿಂದೆ ಉಡುಪಿಯ ಹೋಟೆಲೊಂದರಲ್ಲಿ ಸಪ್ಲಾಯರ್ ಆಗಿದ್ದ ನನ್ನ ಚಿಕ್ಕಪ್ಪ ಹೇಳುತ್ತಾರೆ. ಅದು ಹಿಂದಿ ಪದ, ಗೊಂದಲ ಎಂದರ್ಥ ಎಂದು ಮಗಳು ವಾದಿಸುತ್ತಾಳೆ. ಯಾರದು ಸರಿ? ಹಿಂದಿಯದಾದರೆ ಅದಕ್ಕೊಂದು ಅಚ್ಚ ಕನ್ನಡ ಹೆಸರಿಡಬಾರದೇ?”

ಉತ್ತರ: ಮಗಳ ಮಾತನ್ನು ತಳ್ಳಿಹಾಕುವಂತಿಲ್ಲ. ಹಿಂದಿಯಲ್ಲಿ ಆ ಪದಕ್ಕೆ ಗೊಂದಲ, ಎಡವಟ್ಟು ಎಂಬ ಅರ್ಥ ಇದ್ದೇ ಇದೆ, ಗ್ಲಾಸಿನೊಳಗಿನದೂ ಬೆರಕೆಯೇ. ಆದರೂ ನನ್ನ ಒಲವು ಪೂರ್ತಿಯಾಗಿ ನಿಮ್ಮ ಚಿಕ್ಕಪ್ಪನವರ ಕಡೆಗಿದೆ, ಏಕೆಂದರೆ ಒಂದು ತಿಂಡಿಯ ಹೆಸರನ್ನು ಅದು ಹುಟ್ಟಿದ ಊರಿನ ಮಾತಿನಿಂದ ಅಳೆಯಬೇಕೇ ಹೊರತು ದೂರದ ನಿಘಂಟಿನಿಂದಲ್ಲ. ಗಡ್‌ಬಡ್ ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಿನಲ್ಲಿ ಎಂಬುದು ಕರಾವಳಿಯಲ್ಲಿ ಬಹುಕಾಲದಿಂದ ಕೇಳಿಬರುವ ಮಾತು. 1975ರಲ್ಲಿ ಪ್ರಭಾಕರ ಕಾಮತರು ಮಂಗಳೂರಿನಲ್ಲಿ ಆರಂಭಿಸಿದ ‘ಐಡಿಯಲ್’ ಐಸ್‌ಕ್ರೀಮ್ ಅಂಗಡಿ ಅದನ್ನು ಮನೆಮಾತಾಗಿಸಿತು. ಈ ಎರಡೂ ಊರುಗಳಲ್ಲಿ “ಎಂಥದು ಗಡಿಬಿಡಿ?” ಎಂದು ಯಾರಾದರೂ ಕೇಳಿದರೆ ಅವರು ಕೇಳುತ್ತಿರುವುದು ಅವಸರದ ವಿಚಾರವನ್ನೇ. ಧಾರವಾಡದ ಕಡೆಯವರು “ಗಡಬಡ ಮಾಡಬ್ಯಾಡ” ಎನ್ನುವಾಗಲೂ ಅದೇ ಅರ್ಥ. ಒಂದೇ ಪದ ಹಿಂದಿಯಲ್ಲಿ ಗೊಂದಲದತ್ತ ವಾಲಿದೆ, ನಮ್ಮಲ್ಲಿ ಅವಸರದತ್ತ ವಾಲಿದೆ.

ಇನ್ನು ಅಚ್ಚ ಕನ್ನಡ ಹೆಸರಿನ ಮಾತು. ಇಲ್ಲಿ ನಿಮ್ಮ ಮೇಲೆ ನನಗೆ ಕೊಂಚ ಬೇಸರವಿದೆ. ತಡಬಡ, ದಡಬಡ, ಗಲಿಬಿಲಿ, ಗಜಿಬಿಜಿ ಎಂದು ಕನ್ನಡದ ಕಿವಿಗೆ ಇಂಥ ಜೋಡಿಮಾತುಗಳ ಮೇಲೆ ಎಷ್ಟು ಪ್ರೀತಿಯಿದೆ ನೋಡಿ. ಮರಾಠಿ, ಕೊಂಕಣಿ, ಹಿಂದಿಗಳ ಜೊತೆ ಹಂಚಿಕೊಂಡಿದ್ದೇವೆ ಎಂಬ ಒಂದೇ ಕಾರಣಕ್ಕೆ, ನಾವು ದಿನವೂ ಆಡುವ ಮಾತನ್ನು ಪರಕೀಯವೆಂದು ಹೊರಗಟ್ಟುವುದು ನ್ಯಾಯವಲ್ಲ.

ವಿದ್ಯಾರ್ಥಿಯಾಗಿದ್ದಾಗ ಮಂಗಳೂರಿನ ಅಂಗಡಿಯೊಂದರ ಕೌಂಟರಿನ ಪಕ್ಕ ನಿಂತು ಗಡ್‌ಬಡ್ ಕಟ್ಟುವುದನ್ನು ನೋಡಿದ್ದೇನೆ. ಉದ್ದನೆಯ ಗ್ಲಾಸಿನ ತಳಕ್ಕೆ ಕೆಂಪು ಜೆಲ್ಲಿ ಬಿತ್ತು, ಮೇಲೆ ಹೆಚ್ಚಿದ ಹಣ್ಣು, ಅದರ ಮೇಲೊಂದು ಉಂಡೆ ವೆನಿಲಾ. ಗೋಡಂಬಿ, ಒಣದ್ರಾಕ್ಷಿ ಉದುರಿಸಿ ಮತ್ತೆರಡು ಬಣ್ಣದ ಉಂಡೆಗಳನ್ನಿಟ್ಟು, ನೆತ್ತಿಗೊಂದು ಚೆರಿ ಕೂರಿಸಿ, ಉದ್ದ ಹಿಡಿಯ ಚಮಚ ಚುಚ್ಚಿ ಮುಂದಕ್ಕೆ ತಳ್ಳುವುದರೊಳಗೆ ಆತ ಮುಂದಿನ ಗ್ಲಾಸಿಗೆ ಕೈ ಹಾಕಿಯಾಗಿತ್ತು. ಅಷ್ಟು ಅವಸರದಲ್ಲೂ ಪದರಗಳು ಒಂದಕ್ಕೊಂದು ಕದಡಿರಲಿಲ್ಲ. ಗೊಂದಲವೆಂದು ಅದನ್ನು ಕರೆಯಲು ನನಗೆ ಮನಸ್ಸಾಗದು. ತಿನ್ನುವವನಿಗೂ ಅಷ್ಟೇ ಆತುರ, ಏಕೆಂದರೆ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಮೇಲಿನ ಉಂಡೆ ಗ್ಲಾಸಿನ ಅಂಚಿನಿಂದ ಇಳಿಯತೊಡಗಿರುತ್ತದೆ.

ನನ್ನ ನಿಜವಾದ ಸಂಕಟ ಬೇರೆಯೇ ಇದೆ. ಮೈಸೂರು ಪಾಕಿನ ಮಾತು ಬಂದರೆ ನಾಲ್ವಡಿ ಕೃಷ್ಣರಾಜ ಒಡೆಯರು, ಕಾಕಾಸುರ ಮಾದಪ್ಪನವರು ಎಂದು ನಾವೆಲ್ಲ ಹೇಳಬಲ್ಲೆವು, ಏಕೆಂದರೆ ಅದು ಅರಮನೆಯ ಅಡುಗೆಮನೆಯ ಕಥೆ. ಬನ್ನಿನಂತಿರದ ಮಂಗಳೂರಿನ ‘ಬನ್ಸ್’ಗೆ ಆ ಹೆಸರಿಟ್ಟವರು ಯಾರು, ಒಂದು ಕಾಫಿಯನ್ನು ಇಬ್ಬರಿಗೆ ಹಂಚುವ ‘ಬೈ ಟು’ವನ್ನು ಮೊದಲು ಕೂಗಿದ ಸಪ್ಲಾಯರ್ ಯಾರು ಎಂದು ನಾವು ಕೇಳಿಯೇ ಇಲ್ಲ. ಹೋಟೆಲಿನವರ ಬಾಯಿಮಾತನ್ನು ನಮ್ಮ ಪತ್ರಿಕೆಗಳು ಇತಿಹಾಸವೆಂದು ಎಣಿಸಲಿಲ್ಲ. ಆ ತಪ್ಪಿನಲ್ಲಿ ಈ ಪತ್ರಿಕೆಯ ಪಾಲೂ ಇದೆ. ಈಚೆಗೆ ನಾನು ಹೊಕ್ಕ ಹೊಸ ಅಂಗಡಿಯೊಂದರ ಮೆನುವಿನಲ್ಲಿ ಇದೇ ಗ್ಲಾಸಿಗೆ ‘ಟ್ರಾಪಿಕಲ್ ಸಂಡೇ’ ಎಂದು ಅಚ್ಚಾಗಿತ್ತು. ಕೇಳಿದರೆ “ಗಡ್‌ಬಡ್ಡೇ ಸಾರ್” ಎಂದ ಹುಡುಗ, ದನಿ ತಗ್ಗಿಸಿ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಮಗಳನ್ನು ಚಿಕ್ಕಪ್ಪನವರ ಪಕ್ಕದಲ್ಲಿ ಕೂರಿಸಿ, ಅವರ ಹೋಟೆಲಿನಲ್ಲಿ ಗ್ಲಾಸಿಗೆ ಮೊದಲು ಬೀಳುತ್ತಿದ್ದುದು ಜೆಲ್ಲಿಯೋ ಹಣ್ಣೋ, ಆರ್ಡರನ್ನು ಒಳಗೆ ಯಾವ ಮಾತಿನಲ್ಲಿ ಕೂಗುತ್ತಿದ್ದರು, ಬೆಲೆ ಎಷ್ಟಿತ್ತು ಎಂಬುದನ್ನೆಲ್ಲ ಅವರ ಮಾತಿನಲ್ಲೇ ಬರೆಸಿ ಕಳುಹಿಸಿ. ಒಂದಕ್ಷರವನ್ನೂ ತಿದ್ದದೆ ಪ್ರಕಟಿಸುತ್ತೇವೆ.

– ಸಂಪಾದಕ