ಬೊಡ್ಚಿ ಅನ್ನುವುದೂ ಮಾತೇ

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಲು ಆಗಲಿಲ್ಲ ಕಣೇ. ಒಲೆ ಮೇಲೆ ಹಾಲಿತ್ತು. ಪುಟ್ಟ ಸ್ನಾನಕ್ಕೆ ಬರಲ್ಲ ಅಂತ ಹಟ ಹಿಡಿದಿದ್ದ. ಅದಕ್ಕಿಂತ ಜಾಸ್ತಿ, ನನಗೆ ಬೇಸರವಾಗಿತ್ತು. "ಆ ಕಾಡಿನಲ್ಲಿ ಥೆರಪಿ ಅಂತ ಏನು ಸಿಗುತ್ತೆ? ಬೆಂಗಳೂರಿಗೆ ಬಂದುಬಿಡಿ. ಮಾತೇ ತಡವಾದ ಮಗುವಿನ ಕಿವಿಗೆ ಮೂರು ಮೂರು ಭಾಷೆ ಯಾಕೆ ಹಾಕ್ತೀರಿ? ಆ ತುಳು ಒಂದನ್ನಾದರೂ ನಿಲ್ಲಿಸಬಾರದಾ?" ಅಂದೆ. ಪ್ರೀತಿಯಿಂದಲೇ ಕೇಳಿದೆ, ಗೊತ್ತು. ಹಾಸ್ಟೆಲ್ಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನಾವಿರುವ ಜಾಗ. ಮೂಡಿಗೆರೆಯಿಂದ ಬಣಕಲ್ ದಾಟಿ ಕೊಟ್ಟಿಗೆಹಾರಕ್ಕೆ ಬಂದರೆ, ಅಲ್ಲಿಂದ ಮುಂದೆ ರಸ್ತೆ ಚಾರ್ಮಾಡಿ ಘಾಟಿಗೆ ಇಳಿಯುತ್ತದೆ. ಕೆಳಗೆ ಬೆಳ್ತಂಗಡಿ ತಾಲ್ಲೂಕು. 1956ರ ನವೆಂಬರ್ 1 ಬರುವವರೆಗೆ ಮೇಲಿನದು ಮೈಸೂರು ರಾಜ್ಯ, ಕೆಳಗಿನದು ಮದ್ರಾಸ್ ರಾಜ್ಯ. ಆಮೇಲೆ ಅದು ಬರೀ ಜಿಲ್ಲೆಯ ಗಡಿ ಆಯಿತು. ಜನ ಮಾತ್ರ ಆಗಲೂ ಈಗಲೂ ಹತ್ತುತ್ತಾ ಇಳಿಯುತ್ತಾ ಇದ್ದಾರೆ. ನಮ್ಮ ಅತ್ತೆ ಕೆಳಗಿನವರು, ಮದುವೆಯಾಗಿ ಘಾಟಿ ಹತ್ತಿದವರು. ಅವರದು ತುಳು. ನನ್ನದು ಕನ್ನಡ. ನಮ್ಮವರು ಕಾಫಿ ತೋಟದಲ್ಲಿ ರೈಟರ್, ಲೆಕ್ಕ ಬರೆಯುವ ಕೆಲಸ. ತಾಯಿ ಹತ್ತಿರ ತುಳು, ನನ್ನ ಹತ್ತಿರ ಕನ್ನಡ, ಲೈನ್ ಮನೆಯವರ, ಅಂದರೆ ಸಾಲುಮನೆಗಳಲ್ಲಿರುವ ತೋಟದ ಕೆಲಸದವರ ಹತ್ತಿರ ತಮಿಳು. ಒಂದೇ ಗುಟುಕು ಕಾಫಿ ಮುಗಿಯುವುದರೊಳಗೆ ಮೂರನ್ನೂ ಆಡುತ್ತಾರೆ. ಇದು ಇಲ್ಲಿ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಮಳೆ ಬಂದ ಹಾಗೆ, ಇದೆ ಅಷ್ಟೆ.

ಪುಟ್ಟನ ವಿಷಯ ಮೊದಲು ಗೊತ್ತಾಗಿದ್ದು ನಮ್ಮ ಅಂಗನವಾಡಿಯಲ್ಲಿ. ಬೆಂಗಳೂರಿನಲ್ಲಿ ಅಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಇದೆಯಲ್ಲ, ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ನೋಡಬೇಕು. 2019ರ ಶುರುವಿನಲ್ಲಿ ಬಂದಾಗ ಅವನಿಗೆ ಎರಡೂವರೆ ವರ್ಷ. ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಬೇಕಾದ್ದನ್ನು ಬೆರಳಲ್ಲಿ ತೋರಿಸುತ್ತಿರಲಿಲ್ಲ, ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದ. ಗಂಟೆಗಟ್ಟಲೆ ಆಟದ ಕಾರಿನ ಚಕ್ರ ತಿರುಗಿಸುತ್ತಾ ಕೂರುತ್ತಿದ್ದ. ಆ ಡಾಕ್ಟರು ಮೊದಲು ಕಿವಿ ಪರೀಕ್ಷೆ ಮಾಡಿಸಿ ಅಂದರು. ಮಾತು ತಡವಾದ ಯಾವ ಮಗುವಿಗೂ ಮೊದಲು ನೋಡಬೇಕಾದ್ದು ಅದೇ. ಕಿವಿ ಸರಿ ಇತ್ತು. ಆಮೇಲೆ ಮಂಗಳೂರು, ಆಮೇಲೆ ಆಟಿಸಂ ಅನ್ನುವ ಪದ. ಆ ರಾತ್ರಿಯ ಕತೆ ಬೇಡ.

ಥೆರಪಿಯೂ ಕೆಳಗೇ ಶುರುವಾಯಿತು. ವಾರಕ್ಕೊಂದು ದಿನ ಬಸ್ಸಿನಲ್ಲಿ ಘಾಟಿ ಇಳಿಯುವುದು, ಮುಕ್ಕಾಲು ಗಂಟೆ ಸ್ಪೀಚ್ ಥೆರಪಿ, ಕೈ ಬೆರಳು ಪಳಗಿಸಿ ದಿನದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ ಮುಕ್ಕಾಲು ಗಂಟೆ, ಮತ್ತೆ ಘಾಟಿ ಹತ್ತುವುದು. ಅಲ್ಲಿದ್ದ ಸ್ಪೀಚ್ ಮೇಡಂ ತುಳು ಬಲ್ಲವರು. ಅವರು ನನ್ನಿಂದ ಒಂದು ನೋಟ್‌ಬುಕ್ ಇಡಿಸಿದರು. ಮಗು ಅರ್ಥ ಇಟ್ಟುಕೊಂಡು ಆಡುವ ಪ್ರತಿ ಪದವನ್ನೂ ಬರೆಯಿರಿ, ಯಾವ ಭಾಷೆ ಆದರೂ ಸರಿ ಅಂದರು. ಬರೆದೆ. ಬೆಕ್ಕಿಗೆ ಪುಚ್ಚೆ, ಅದು ಅಜ್ಜಿಯ ಪದ. ಅನ್ನಕ್ಕೆ ನುಪ್ಪು, ಅದೂ ಅಜ್ಜಿಯದು. ನೀರಿಗೆ ತಣ್ಣಿ, ಲೈನ್ ಮಕ್ಕಳಿಂದ ಬಂದದ್ದು. ಬಾ, ಅಮ್ಮ, ಬಸ್ಸು, ಇವು ನನ್ನವು. ಜುಲೈ ಹೊತ್ತಿಗೆ ಪುಸ್ತಕದಲ್ಲಿ 22 ಪದ ಇತ್ತು.

ಆ 22ರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೊಡ್ಚಿ. ತುಳುವಿನಲ್ಲಿ ಬೇಡ ಅಂತ. ಅದಕ್ಕೂ ಮುಂಚೆ ಪುಟ್ಟನಿಗೆ ಏನಾದರೂ ಬೇಡ ಅನ್ನಿಸಿದರೆ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ. ಒಂದು ದಿನ ಅತ್ತೆ ಗಂಜಿ ತಂದು ಎದುರಿಗಿಟ್ಟರು. ಅವನು ಬಟ್ಟಲನ್ನು ಮೆಲ್ಲಗೆ ಆಚೆ ತಳ್ಳಿ "ಬೊಚ್ಚಿ" ಅಂದ. ಅತ್ತೆ ಬಟ್ಟಲು ಹಿಡಿದುಕೊಂಡೇ ಅತ್ತರು. ತಲೆ ಚಚ್ಚಿಕೊಳ್ಳುವ ಜಾಗದಲ್ಲಿ ಒಂದು ಪದ ಬಂದಿತ್ತು ಕಣೇ. ಥೆರಪಿಯಲ್ಲಿ ನಾನು ಕಂಡ ಅತಿ ದೊಡ್ಡ ದಿನ ಅದು.

2019ರ ಆಗಸ್ಟ್‌ನಲ್ಲಿ ಆ ಮಳೆ ಬಂತು. ಚಾರ್ಮಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಯಿತು. ಬಸ್ಸು ನಿಂತುಹೋಯಿತು. ಸುತ್ತು ಹೊಡೆದು ಹೋಗುವ ಶಕ್ತಿ ನಮಗಿರಲಿಲ್ಲ. ಹಾಗಾಗಿ ಮೇಲಿನ ಕಡೆ ಒಂದು ಕೇಂದ್ರ ಹುಡುಕಿಕೊಂಡು ಹೋದೆವು. ಅಲ್ಲಿ ಹೊಸದಾಗಿ ಪರೀಕ್ಷೆ ಮಾಡಿದರು. ಮೇಡಂ ಬೆಕ್ಕಿನ ಚಿತ್ರ ತೋರಿಸಿದರು. ಪುಟ್ಟ "ಪುಚ್ಚೆ" ಅಂದ. ಅವರು ಬರೆದುಕೊಳ್ಳಲಿಲ್ಲ. ಲೋಟ ತೋರಿಸಿದರು. "ತಣ್ಣಿ" ಅಂದ. ಬರೆದುಕೊಳ್ಳಲಿಲ್ಲ. ಮಣಿ ಪೋಣಿಸಲು ಕೊಟ್ಟರು. ಅವನು ತಟ್ಟೆ ಆಚೆ ತಳ್ಳಿ, ಅವರ ಮುಖ ನೋಡಿ "ಬೊಚ್ಚಿ" ಅಂದ. ಮುಖ ನೋಡಿ ಅಂದ, ಗಮನಿಸು. ಅದೂ ಅವನಿಗೆ ಕಷ್ಟದ ಕೆಲಸವೇ. ವರದಿಯಲ್ಲಿ "ಅರ್ಥವಿಲ್ಲದ ಶಬ್ದಗಳು ಇವೆ" ಅಂತ ಬಂತು. ಪದಗಳ ಲೆಕ್ಕದಲ್ಲಿ 9.

ಕೆಳಗೆ 22, ಮೇಲೆ 9. ಮಗು ಅದೇ, ತಿಂಗಳೂ ಹೆಚ್ಚು ಕಳೆದಿರಲಿಲ್ಲ. ಘಾಟಿ ಹತ್ತಿ ಬರುವಾಗ 13 ಪದ ಎಲ್ಲಿ ಬಿದ್ದವು? ನಾನು ನೋಟ್‌ಬುಕ್ ತೋರಿಸಿದೆ. "ಅದೇ ಸಮಸ್ಯೆ ನೋಡಿ, ಭಾಷೆ ಜಾಸ್ತಿಯಾಗಿ ಮಗುವಿಗೆ ಗೊಂದಲವಾಗಿದೆ, ಇನ್ಮೇಲೆ ಮನೆಯಲ್ಲಿ ಒಂದೇ ಭಾಷೆ" ಅಂದರು.

ಇದೇ ಕಣೇ ನಾವು ಆವತ್ತಿನಿಂದ ಎಳೆದಾಡುತ್ತಿರುವ ಗಂಟು. ಯಾರು ನೋಡಿದರೂ ಇದನ್ನೇ ಹೇಳುತ್ತಾರೆ. ಮದುವೆ ಮನೆಯಲ್ಲಿ ಹೇಳಿದರು. ಬಸ್ಸಿನಲ್ಲಿ ಪಕ್ಕ ಕೂತವರು ಹೇಳಿದರು. ಒಂದು ಇಂಗ್ಲಿಷ್ ಮೀಡಿಯಂ ಶಾಲೆಯವರು ಸೇರಿಸಲು ಕೇಳಿದಾಗ, ಮನೆಯಲ್ಲಿ ಇಂಗ್ಲಿಷ್ ಶುರು ಮಾಡಿ ಆಮೇಲೆ ಬನ್ನಿ ಅಂದರು. ನಿನ್ನೆ ನೀನೂ ಹೇಳಿದೆ.

ಈ ಮಾತನ್ನು ನಂಬಿ ನಾವು ಒಂದು ಸಲ ಹಾಗೆ ಮಾಡಿಯೂ ಬಿಟ್ಟೆವು. ನಿನಗೆ ಇದನ್ನು ಹೇಳಿರಲಿಲ್ಲ. ಆ ವರದಿ ಬಂದ ಮೇಲೆ ಎರಡು ತಿಂಗಳು ಮನೆಯಲ್ಲಿ ತುಳು ನಿಲ್ಲಿಸಿದೆವು. ಅತ್ತೆಗೆ ಕನ್ನಡ ಬರುತ್ತದೆ. ಅಂಗಡಿಗೆ, ಆಸ್ಪತ್ರೆಗೆ ಸಾಕಾಗುವಷ್ಟು. ಮಗುವನ್ನು ಮುದ್ದಿಸುವುದಕ್ಕೆ, ಗದರುವುದಕ್ಕೆ, ಹಾಡು ಹೇಳಿ ಮಲಗಿಸುವುದಕ್ಕೆ ಅದು ಸಾಲದು. ಅವರು ಒಂದೊಂದು ಮಾತಿಗೂ ತಡಕಾಡಿದರು. ಆಮೇಲೆ ಸುಮ್ಮನಾಗಿಬಿಟ್ಟರು. ದಿನವಿಡೀ ಅವನ ಜೊತೆ ಇರುತ್ತಿದ್ದ ಒಬ್ಬರೇ ಒಬ್ಬರು ಅವರು. ಅವರೇ ಸುಮ್ಮನಾದ ಮೇಲೆ ಮಗುವಿನ ಕಿವಿಗೆ ಬೀಳುವ ಮಾತೇ ಅರ್ಧವಾಯಿತು. ಬೊಡ್ಚಿ ಹೋಯಿತು. ತಲೆ ಚಚ್ಚಿಕೊಳ್ಳುವುದು ವಾಪಸ್ ಬಂತು. ಆ ಎರಡು ತಿಂಗಳನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತದೆ.

ಆಮೇಲೆ ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ. 1960ರ ದಶಕದಿಂದ ದೇಶದ ಎಲ್ಲ ಕಡೆಯ ಮಕ್ಕಳನ್ನು ನೋಡುತ್ತಿರುವ ಜಾಗ. ಅಲ್ಲಿಗೆ ಬರುವವರಲ್ಲಿ ಒಂದೇ ಭಾಷೆಯ ಮನೆ ಎಷ್ಟಿರುತ್ತೆ ಹೇಳು. ಅಲ್ಲಿ ನಮ್ಮನ್ನು ನೋಡಿದವರು ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದರು. ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು ಅಂದರು. ಎರಡು ಮೂರು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಆಟಿಸಂ ಇರುವ ಮಕ್ಕಳಲ್ಲೂ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಇದನ್ನು ನೋಡಿದ್ದಾರೆ. ಎರಡು ಭಾಷೆಯಲ್ಲಿ ಬೆಳೆದವರು ಒಂದೇ ಭಾಷೆಯವರಿಗಿಂತ ಅದರಿಂದಾಗಿ ಹಿಂದೆ ಬಿದ್ದಿಲ್ಲ. ಮನೆಯವರು ತಮಗೆ ಸಲೀಸಾದ ಮಾತಿನಲ್ಲಿ ಮಗುವಿನ ಜೊತೆ ಜಾಸ್ತಿ ಆಡಬೇಕು, ಅದೇ ಮುಖ್ಯ ಅಂತ ಹೇಳಿದರು. ನಾನು ಹೊರಗೆ ಬಂದು ಮೊದಲು ಅತ್ತೆಗೆ ಫೋನ್ ಮಾಡಿದೆ. "ಅವನ ಹತ್ತಿರ ತುಳುವಿನಲ್ಲೇ ಮಾತಾಡಿ ಅತ್ತೆ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ.

ಹಾಗಾದರೆ ಕಾಡಿನಲ್ಲಿ ಥೆರಪಿ ಏನು ಸಿಗುತ್ತೆ ಅಂದೆಯಲ್ಲ, ಅದಕ್ಕೆ ಬರುತ್ತೇನೆ. ವಾರಕ್ಕೆ 168 ಗಂಟೆ. ಅದರಲ್ಲಿ ಥೆರಪಿ ಕೋಣೆಯಲ್ಲಿ ಕಳೆಯುವುದು ಒಂದೂವರೆ ಗಂಟೆ, ಬೆಂಗಳೂರಾದರೆ ಇನ್ನೂ ಸ್ವಲ್ಪ ಜಾಸ್ತಿ ಇರಬಹುದು. ಉಳಿದದ್ದು ಮನೆಯಲ್ಲಿ, ಅಂಗಳದಲ್ಲಿ. ಬೆರಳಿಗೆ ಬಲ ಬರಲು, ಹೆಬ್ಬೆರಳು ತೋರುಬೆರಳು ಸೇರಿಸಿ ಹಿಡಿಯಲು ಮಣಿ ಪೋಣಿಸಿ ಅಂತ ಕೊಡುತ್ತಾರೆ. ಪುಟ್ಟನಿಗೆ ಮಣಿ ಬೇಡ. ಕಾಫಿ ಹಣ್ಣು ಬೇಕು. ಕೊಯ್ಲಿನ ಕಾಲದಲ್ಲಿ ಅಜ್ಜಿಯ ಪಕ್ಕ ಕೂತು ಹಣ್ಣು ಒಂದು ಕಡೆ, ಕಾಯಿ ಒಂದು ಕಡೆ ಆರಿಸುತ್ತಾನೆ. ಕಣದಲ್ಲಿ ಹರಡಿದ ಬೀಜದ ಮೇಲೆ ಬರಿಗಾಲಲ್ಲಿ ನಡೆಯುತ್ತಾನೆ. ಮುಂಚೆ ಹುಲ್ಲು ತಾಗಿದರೂ ಕಾಲೆತ್ತಿ ಚೀರುತ್ತಿದ್ದವನು. ಇದನ್ನು ಥೆರಪಿಸ್ಟ್ ಮೇಡಂಗೆ ಹೇಳಿದಾಗ ಅವರು ಅದನ್ನೇ ನಮ್ಮ ದಿನದ ಪಟ್ಟಿಗೆ ಸೇರಿಸಿದರು.

ಕಷ್ಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಬೀಳುವ ಸದ್ದು ಅವನಿಗೆ ತಡೆಯಲು ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಸದ್ದು ನಿಲ್ಲುವುದೇ ಇಲ್ಲ. ಕಿವಿ ಮುಚ್ಚಿ ಮೂಲೆಗೆ ಹೋಗುತ್ತಾನೆ. ಸದ್ದು ಕಡಿಮೆಯಾಗಲಿ ಅಂತ ಒಳಗಿನ ಚಿಕ್ಕ ಕೋಣೆಯ ಅಟ್ಟದ ತುಂಬ ಹುಲ್ಲು ತುಂಬಿದ ಮೂಟೆ ಜೋಡಿಸಿದ್ದೇವೆ. ಕಂಬಳಿ ಬಿಗಿಯಾಗಿ ಸುತ್ತಿದರೆ ಸಮಾಧಾನ ಆಗುತ್ತಾನೆ. ಲಾಕ್‌ಡೌನ್ ಕಾಲದಲ್ಲಿ ಫೋನಿನಲ್ಲೇ ಥೆರಪಿ ಅಂದಾಗ ನಮ್ಮವರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಿಗ್ನಲ್ ಸಿಗುವ ಗುಡ್ಡಕ್ಕೆ ಹತ್ತುತ್ತಿದ್ದರು. ಈಗಲೂ ಸ್ಪೀಚ್ ಥೆರಪಿಸ್ಟ್ ಬದಲಾದರೆ ಹೊಸಬರಿಗಾಗಿ ತಿಂಗಳುಗಟ್ಟಲೆ ಕಾಯಬೇಕು. ಹೊಸಬರು ಬಂದ ಮೇಲೆ ನಾನು ಮತ್ತೆ ನೋಟ್‌ಬುಕ್ ಹಿಡಿದು ಮೊದಲಿನಿಂದ ಹೇಳಬೇಕು: ಪುಚ್ಚೆ ಅಂದರೆ ಬೆಕ್ಕು ಮೇಡಂ, ಅದನ್ನೂ ಬರೆದುಕೊಳ್ಳಿ. ಎಷ್ಟು ಸಲ ಹೇಳಿದ್ದೇನೋ. ಸುಸ್ತಾಗುತ್ತದೆ.

ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಆಗಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೇಳುವ 21 ವಿಧದ ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಅದೇ ಕಾಯ್ದೆಯ ಪ್ರಕಾರ ಅವನಿಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. ಈಗ ನಮ್ಮೂರ ಸರ್ಕಾರಿ ಶಾಲೆಗೆ ಹೋಗುತ್ತಾನೆ. ಅಲ್ಲಿ ಅರ್ಧ ಮಕ್ಕಳ ಮನೆಮಾತು ಕನ್ನಡ ಅಲ್ಲ. ಯಾರೂ ಯಾರಿಗೂ ಗೊಂದಲ ಅನ್ನುವುದಿಲ್ಲ.

ಬೆಂಗಳೂರಿಗೆ ಬಂದರೆ ಮನೆ ಹತ್ತಿರವೇ ಹತ್ತು ಕೇಂದ್ರ ಸಿಗಬಹುದು, ಒಪ್ಪುತ್ತೇನೆ. ಆದರೆ ಅಲ್ಲಿ ಅವನಿಗೆ ಅಜ್ಜಿ ಇರುವುದಿಲ್ಲ. ಕಣ ಇರುವುದಿಲ್ಲ. ಇವನು ಮಾತಾಡದಿದ್ದರೂ ಎಳೆದುಕೊಂಡು ಹೋಗಿ ಆಡಿಸುವ ಲೈನ್ ಮಕ್ಕಳು ಇರುವುದಿಲ್ಲ. ಅವನ ಪದಗಳೆಲ್ಲ ಈ ಜನರ ಬಾಯಿಂದ ಬಂದವು. ಬೇರು ಕಿತ್ತು ತಂದು ಕುಂಡದಲ್ಲಿ ನೆಡು ಅಂದರೆ ನನಗೆ ಧೈರ್ಯ ಬರುವುದಿಲ್ಲ.

ಈಗ ಅವನಿಗೆ ಒಂಬತ್ತು ವರ್ಷ. ಮಾತು ಇನ್ನೂ ಕಡಿಮೆಯೇ. ಆದರೆ ಒಂದು ವಿಷಯ ನೀನು ಕಣ್ಣಾರೆ ನೋಡಬೇಕು. ಅಜ್ಜಿಗೆ "ಬಲ" ಅನ್ನುತ್ತಾನೆ. ನನಗೆ "ಬಾ" ಅನ್ನುತ್ತಾನೆ. ಲೈನ್ ಹುಡುಗನಿಗೆ "ವಾ" ಅನ್ನುತ್ತಾನೆ. ಮೂರಕ್ಕೂ ಅರ್ಥ ಒಂದೇ. ಒಂದು ದಿನವೂ ಅದಲು ಬದಲು ಮಾಡಿಲ್ಲ. ಎದುರಿಗೆ ಯಾರಿದ್ದಾರೆ ಅಂತ ನೋಡಿ, ಅವರಿಗೆ ತಕ್ಕ ಮಾತು ಆರಿಸುತ್ತಾನೆ. ಇನ್ನೊಬ್ಬರ ಕಡೆ ಗಮನವೇ ಇಲ್ಲ ಅಂತ ಬರೆಸಿಕೊಂಡ ಮಗು ಇದು.

ಡಿಸೆಂಬರ್‌ನಲ್ಲಿ ಬರುತ್ತೇನೆ ಅಂದಿದ್ದೀಯ. ಬಂದ ಕೂಡಲೆ ಹೆಸರೇನು, ಎಷ್ಟನೇ ಕ್ಲಾಸು ಅಂತ ಕೇಳಬೇಡ. ಸುಮ್ನೆ ಪಕ್ಕದಲ್ಲಿ ಕೂತುಕೋ. ಏನಾದರೂ ಹೇಳಿದರೆ ಮನಸ್ಸಿನಲ್ಲಿ ಹತ್ತು ಎಣಿಸು, ಅವನ ಉತ್ತರಕ್ಕೆ ಅಷ್ಟು ಹೊತ್ತು ಬೇಕು. ಅವನೇ ಬಂದು "ಬಸ್ಸು?" ಅನ್ನುತ್ತಾನೆ. ಯಾವ ದಾರಿಯಲ್ಲಿ ಬಂದೆ ಅಂತ ಕೇಳುವುದು ಅದು. ಹಾಸನ, ಬೇಲೂರು, ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ. ಇದೇ ಸಾಲಿನಲ್ಲಿ, ನಿಧಾನವಾಗಿ ಹೇಳು. ಒಂದನ್ನೂ ಬಿಡಬೇಡ. ಬಿಟ್ಟರೆ ಬಿಟ್ಟದ್ದನ್ನು ಅವನೇ ಹೇಳುತ್ತಾನೆ.