ಬಿ.ಕಾಂ. ನಂತರ ಸಿಎಯೋ ಸಿಎಫ್‌ಎಯೋ?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿದ್ದೀರಿ, ಬಿ.ಕಾಂ.ನಲ್ಲಿ ಶೇ. 62 ಬಂದಿದೆ, ಸಿಎ (ಚಾರ್ಟರ್ಡ್ ಅಕೌಂಟೆಂಟ್) ಮತ್ತು ಸಿಎಫ್‌ಎ (ಚಾರ್ಟರ್ಡ್ ಫೈನಾನ್ಶಿಯಲ್ ಅನಲಿಸ್ಟ್) ಇವುಗಳಲ್ಲಿ ಯಾವುದಕ್ಕೆ ಬೆಲೆ ಹೆಚ್ಚು ಎಂದು ಕೇಳಿದ್ದೀರಿ. ಬೆಲೆಯ ಮಾತು ಆಮೇಲಿರಲಿ, ಯಾವ ಕೆಲಸ ಬೇಕೆಂದು ಮೊದಲು ತೀರ್ಮಾನಿಸಿ.

ತೆರಿಗೆ, ಲೆಕ್ಕಪರಿಶೋಧನೆ, ಮುಂದೊಂದು ದಿನ ಊರಿನಲ್ಲೇ ಸ್ವಂತ ಕಚೇರಿ ಎಂಬ ಆಸೆಯಿದ್ದರೆ ಸಿಎ. ಕಂಪನಿಗಳ ಶಾಸನಬದ್ಧ ಲೆಕ್ಕಪರಿಶೋಧನಾ ವರದಿಗೆ ಸಹಿ ಹಾಕುವ ಅಧಿಕಾರವಿರುವುದು ಸಿಎಗಳಿಗೆ ಮಾತ್ರ. ವಾಣಿಜ್ಯ ಪದವಿಯಲ್ಲಿ ಶೇ. 55 ದಾಟಿರುವುದರಿಂದ ನಿಮಗೆ ಫೌಂಡೇಶನ್ ಎಂಬ ಮೊದಲ ಹಂತದ ಪರೀಕ್ಷೆ ಬೇಡ, ನೇರವಾಗಿ ಎರಡನೆಯ ಹಂತವಾದ ಇಂಟರ್‌ಮೀಡಿಯೆಟ್. ಎರಡು ಗುಂಪು, ಆರು ಪತ್ರಿಕೆ. ಪ್ರತಿ ಪತ್ರಿಕೆಯಲ್ಲಿ ಶೇ. 40 ಬಂದರೆ ಸಾಲದು, ಗುಂಪಿನ ಒಟ್ಟು ಅಂಕ ಶೇ. 50 ಆಗಬೇಕು. ಒಂದೇ ಗುಂಪು ಬರೆದು ಅದರ ಮೂರೂ ಪತ್ರಿಕೆಗಳಲ್ಲಿ 45 ತೆಗೆದವನು ಅನುತ್ತೀರ್ಣ! ಉತ್ತರ ಬರೆಯಬೇಕಾದದ್ದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕಾನೂನು ಪತ್ರಿಕೆಗೆ ಈಗಿನಿಂದಲೇ ಬರೆದು ಅಭ್ಯಾಸ ಮಾಡಿ. ಎರಡು ವರ್ಷದ ಆರ್ಟಿಕಲ್‌ಶಿಪ್‌ಗೆ, ಅಂದರೆ ಸಿಎ ಒಬ್ಬರ ಕೈಕೆಳಗಿನ ತರಬೇತಿಗೆ, ಮಂಗಳೂರು ಹತ್ತಿರ, ರೈಲಿನಲ್ಲಿ ಹೋಗಿ ಬರಬಹುದು. ಸ್ಟೈಪೆಂಡ್ ನಂಬಿ ಸಾಲ ಮಾಡಬೇಡಿ.

ಸಿಎಫ್‌ಎ ಹೂಡಿಕೆಯ ಲೋಕದ್ದು: ಷೇರು, ಬಾಂಡ್, ನಿಧಿ ನಿರ್ವಹಣೆ. ಮೂರು ಹಂತ, ಡಾಲರ್ ಲೆಕ್ಕದ ಶುಲ್ಕ, ಜತೆಗೆ 4,000 ಗಂಟೆಗಳ ಕೆಲಸದ ಅನುಭವ. ಅಂಥ ಕೆಲಸ ಹೆಚ್ಚಾಗಿ ಸಿಗುವುದು ಮುಂಬೈಯಂಥ ಕಡೆ. ಊರು ಬಿಡಲು ಮನಸ್ಸಿಲ್ಲದವರಿಗೆ ಅದು ದುಬಾರಿ ಹವ್ಯಾಸವೆಂದೇ ನನ್ನ ಅಭಿಪ್ರಾಯ.

ನೀವು ಕೇಳದ ಮೂರನೆಯ ದಾರಿಯೂ ಇದೆ. ಕೇರಳದ ಸಹಕಾರಿ ಬ್ಯಾಂಕ್ ಕೆಲಸಕ್ಕೆ ಪದವೀಧರರು ಎಚ್‌ಡಿಸಿ ಎಂಬ, ಸಹಕಾರ ವಿಷಯದ ಹೈಯರ್ ಡಿಪ್ಲೊಮಾ ಮಾಡುತ್ತಾರೆ. ಮನೆಗೆ ಬೇಗ ಸಂಬಳ ಬೇಕಿದ್ದರೆ ಅದನ್ನೂ ವಿಚಾರಿಸಿ. ಮನೆಯ ಪರಿಸ್ಥಿತಿ ನೀವು ಬರೆದಿಲ್ಲ. ಎಷ್ಟು ವರ್ಷ ಸಂಬಳವಿಲ್ಲದೆ ಓದಬಲ್ಲಿರಿ?